ಇಂಗಿಸಿದ ಮಳೆನೀರೆಲ್ಲ ಕುಡಿಯುವ ನೀರಾದೀತೇ?

ಕೊಳವೆಬಾವಿಯನ್ನೇ ನೆಚ್ಚಿ ಬಾಳುವ ಹೊಸಕೋಟೆ ತಾಲ್ಲೂಕು, ಅಂತರ್ಜಲವನ್ನು ಮಿತಿಮೀರಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿರುವುದರಿಂದ, ಸಮೇತನಹಳ್ಳಿಯಂಥ ಊರುಗಳಲ್ಲಿ ಮಳೆನೀರನ್ನು ಭೂಮಿಗೆ ಇಂಗಿಸುವುದು ಸರ್ವಥಾ ಸ್ತುತ್ಯವಾದ ಕಾರ್ಯ. ಆದರೆ ನೀರು ಇಂಗಿದೊಡನೆ ಬಾವಿಯ ನೀರು ತಾನಾಗಿ ಶುದ್ಧವಾಗುವುದೆಂಬ ನಂಬಿಕೆ ಅರ್ಧಸತ್ಯ.

ಈ ಸೀಮೆಯ ನೆಲದಡಿ ಹಬ್ಬಿರುವ ನೈಸ್ ಮತ್ತು ಗ್ರಾನೈಟ್ ಶಿಲೆಗಳ ಬಿರುಕುಗಳಲ್ಲಿ ನೀರು ದೀರ್ಘಕಾಲ ನಿಂತಷ್ಟೂ, ಶಿಲೆಯ ಖನಿಜಗಳಲ್ಲಿರುವ ಫ್ಲೋರೈಡ್ ಅದರಲ್ಲಿ ಕರಗುತ್ತ ಹೋಗುತ್ತದೆ. ಮಳೆನೀರಿನಲ್ಲಿ ಆ ಅಂಶ ಅತ್ಯಲ್ಪವಾದುದರಿಂದ, ಹಳೆಯ ನೀರಿನೊಡನೆ ಅದು ಬೆರೆತಲ್ಲಿ ಫ್ಲೋರೈಡ್ ತಗ್ಗುವುದು ದಿಟ. ಆದರೆ ಬಿರುಕುಗಳ ಜಾಡು ನಮ್ಮ ಹೊಲದ ಬದುಗಳನ್ನು ಅನುಸರಿಸುವುದಿಲ್ಲವಾಗಿ, ಇಲ್ಲಿ ಇಂಗಿಸಿದ ನೀರು ಇದೇ ಬಾವಿಗೆ ಬರುವುದೆಂಬ ಭರವಸೆಯಿಲ್ಲ. ಬೇಸಗೆಯಲ್ಲಿ ಮಟ್ಟ ಕುಸಿದಾಗ ಆಳದ ಹಳೆಯ ನೀರೇ ಮತ್ತೆ ಮೇಲೇರಬಹುದು. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಜಲಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹ್ಯ. ಕುದಿಸಿದರೆ ಅದು ಹೋಗುವುದೆಂಬುದೂ ಭ್ರಮೆ: ಆವಿಯಾಗುವುದು ನೀರು ಮಾತ್ರ, ಪಾತ್ರೆಯಲ್ಲಿ ಉಳಿದದ್ದರಲ್ಲಿ ಫ್ಲೋರೈಡಿನ ಸಾಂದ್ರತೆ ಹೆಚ್ಚೇ ಆಗುತ್ತದೆ.

ಇದಕ್ಕಿಂತ ಅಪಾಯಕರವಾದುದು, ಮಳೆನೀರು ಆಕಾಶದಿಂದ ಬಂದದ್ದಾದುದರಿಂದ ಅದನ್ನು ನೇರವಾಗಿ ಕೇಸಿಂಗ್ ಪೈಪಿನೊಳಗೆ ಬಿಟ್ಟರೂ ದೋಷವಿಲ್ಲವೆಂಬ ಎಣಿಕೆ. ಮೊದಲ ಮಳೆ ಮಾಳಿಗೆಯ ಧೂಳನ್ನೂ ಹಕ್ಕಿಯ ಹಿಕ್ಕೆಯನ್ನೂ ತೊಳೆದು ತರುತ್ತದೆ. ಅಂಗಳದಲ್ಲಿ ಹರಿದ ನೀರು ಕೊಟ್ಟಿಗೆಯ ಗಂಜಲವನ್ನೂ ಸೇರಿಸಿಕೊಳ್ಳುತ್ತದೆ. ಮಣ್ಣಿನ ಪದರಗಳು ಸೋಸಬೇಕಾದ ಈ ಕಶ್ಮಲವನ್ನು ಬಂಡೆಯ ಬಿರುಕು ಸೋಸಲಾರದು. ಸೂಕ್ಷ್ಮಾಣುಗಳು ಅದರೊಳಗೆ ಬಹುದೂರ ಸಾಗಬಲ್ಲವು. ಆದುದರಿಂದಲೇ ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಉಳಿದುದನ್ನು ಅಡಿಯಲ್ಲಿ ದಪ್ಪಕಲ್ಲು, ನಡುವೆ ಜಲ್ಲಿ, ಮೇಲೆ ಮರಳು ತುಂಬಿದ ಇಂಗುಗುಂಡಿಗೆ ಹರಿಸಬೇಕು. ವರ್ಷವರ್ಷವೂ ಮುಂಗಾರಿಗೆ ಮುನ್ನ ಮೇಲಣ ಮರಳನ್ನು ಕೆರೆದು ತೊಳೆಯದಿದ್ದರೆ, ಅಲ್ಲಿ ಕೂತ ಕೆಸರೇ ನೀರನ್ನು ತಡೆಯುತ್ತದೆ.

ಎಂಥ ಮರಳೂ ನೈಟ್ರೇಟನ್ನು ಹಿಡಿದಿಡಲಾರದು, ಏಕೆಂದರೆ ಅದು ನೀರಿನಲ್ಲಿ ಸಂಪೂರ್ಣ ಕರಗಿರುತ್ತದೆ. ತಿಪ್ಪೆ, ಶೌಚಗುಂಡಿ, ಅತಿಯಾಗಿ ಯೂರಿಯಾ ಹಾಕಿದ ತೋಟ ಇವುಗಳ ಮಗ್ಗುಲಲ್ಲಿ ತೋಡಿದ ಇಂಗುಗುಂಡಿ ಆ ವಿಷವನ್ನು ಬೇಗನೆ ಕೆಳಕ್ಕಿಳಿಸುವ ದಾರಿಯಾಗುತ್ತದೆ. ಲೀಟರಿಗೆ 45 ಮಿಲಿಗ್ರಾಂ ಮೀರಿದ ನೈಟ್ರೇಟ್, ಎಳೆಗೂಸುಗಳ ರಕ್ತ ಆಮ್ಲಜನಕವನ್ನು ಹೊರುವ ಶಕ್ತಿಯನ್ನೇ ಕುಂದಿಸೀತು.

ಫ್ಲೋರೈಡಿಗಾಗಲಿ ನೈಟ್ರೇಟಿಗಾಗಲಿ ಬಣ್ಣವಿಲ್ಲ, ವಾಸನೆಯಿಲ್ಲ. ತಿಳಿಯಾದ ನೀರನ್ನು ಕಣ್ಣಳತೆಯಿಂದ ಒಪ್ಪುವಂತಿಲ್ಲ. ಮುಂಗಾರಿಗೆ ಮುನ್ನ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಟ್ಟು, ಎರಡು ವರದಿಗಳನ್ನೂ ಜೊತೆಗಿರಿಸಿ ನೋಡಬೇಕು. ಸೂಕ್ಷ್ಮಾಣು ಪರೀಕ್ಷೆಯ ಮಾದರಿಯನ್ನಂತೂ ಕ್ರಿಮಿಶುದ್ಧ ಸೀಸೆಯಲ್ಲಿ ತುಂಬಿ, ತಂಪಾಗಿರಿಸಿ, ಅದೇ ದಿನ ತಲುಪಿಸಬೇಕು.