ಡರ್ಬನ್ ಕಡಲ ತೀರದ ಸಿಹಿ-ಕಹಿ

ದಕ್ಷಿಣ ಆಫ್ರಿಕಾದ ಡರ್ಬನ್ ನಗರದ ಹೆಸರನ್ನು ನೀವು ಒಂದಲ್ಲ ಒಂದು ಸಂದರ್ಭದಲ್ಲಿ ಕೇಳಿಯೇ ಇರುತ್ತೀರಿ. ಕ್ರಿಕೆಟ್ ಹುಚ್ಚಿನ ಮಕ್ಕಳನ್ನು ಕೇಳಿ ನೋಡಿ, 2007ರ ಟ್ವೆಂಟಿ-20 ವಿಶ್ವಕಪ್‌ನಲ್ಲಿ ಯುವರಾಜ್ ಸಿಂಗ್ ಒಂದೇ ಓವರಿನಲ್ಲಿ ಆರು ಸಿಕ್ಸರ್ ಬಾರಿಸಿದ ಊರು ಎನ್ನುತ್ತಾರೆ. ಹಿರಿಯರನ್ನು ಕೇಳಿದರೆ 1893ರಲ್ಲಿ ಗಾಂಧೀಜಿ ಹಡಗಿನಿಂದ ಇಳಿದ ಬಂದರು ಎನ್ನುತ್ತಾರೆ. ಶೇಖ್ ಅಹ್ಮದ್ ದೀದಾತರ ಭಾಷಣದ ಕ್ಯಾಸೆಟ್‌ಗಳನ್ನು ಕೇಳಿ ಬೆಳೆದವರಿಗಂತೂ ಅದು ಅವರ ಊರು. ಆದರೆ ಅಲ್ಲಿಗೆ ಹೋಗುವ ಪ್ರವಾಸಿಗರಲ್ಲಿ ಹೆಚ್ಚಿನವರು ಇದಾವುದಕ್ಕೂ ಹೋಗುವುದಿಲ್ಲ. ಅವರು ಹೋಗುವುದು ಕಡಲಿಗಾಗಿ.

ನೀವೂ ಕಡಲಿಗಾಗಿಯೇ ಹೋಗಿ. ತಪ್ಪೇನಿಲ್ಲ. ಆದರೆ ಆ ಕಡಲ ತೀರದ ಕಥೆಯನ್ನು ತಿಳಿದುಕೊಂಡು ಹೋಗಿ. ಆಗ ನಿಮ್ಮ ಸಂತೋಷ ಕಡಿಮೆಯಾಗದು. ಜೊತೆಗೆ ಒಂದಿಷ್ಟು ನೋವೂ ಒಂದಿಷ್ಟು ಪಾಠವೂ ನಿಮ್ಮೊಂದಿಗೆ ಮನೆಗೆ ಬರುತ್ತದೆ.

ಚಿನ್ನದ ತೀರ

ಹಿಂದೂ ಮಹಾಸಾಗರದ ದಡದಲ್ಲಿರುವ ಡರ್ಬನ್ ಆಫ್ರಿಕಾ ಖಂಡದ ದೊಡ್ಡ ಬಂದರುಗಳಲ್ಲೊಂದು. ಝುಲು ಭಾಷೆಯಲ್ಲಿ ಅದರ ಹೆಸರು 'ಎಥೆಕ್ವಿನಿ'. ಕೊಲ್ಲಿಯ ಊರು ಎಂದರ್ಥ. ಉತ್ತರದಿಂದ ಬೆಚ್ಚನೆಯ ಪ್ರವಾಹವೊಂದು ಈ ತೀರದ ಬಳಿ ಹಾದು ಹೋಗುವುದರಿಂದ ಇಲ್ಲಿನ ನೀರು ಚಳಿಗಾಲದಲ್ಲೂ ಕೊರೆಯುವುದಿಲ್ಲ. ಅಲ್ಲಿನ ಚಳಿಗಾಲವೆಂದರೆ ನಮ್ಮ ಮಳೆಗಾಲದ ಜೂನ್, ಜುಲೈ ತಿಂಗಳುಗಳು. ಆಗ ಬಿಸಿಲು ಹಿತವಾಗಿರುತ್ತದೆ.

ನಗರದ ಮುಂದಿನ ತೀರಕ್ಕೆ 'ಗೋಲ್ಡನ್ ಮೈಲ್' ಎಂದು ಹೆಸರು. ಹೆಸರಿಗೆ ಮೈಲಿಯಾದರೂ ಕಡಲ ಪಕ್ಕದ ವಿಶಾಲ ಕಾಲುದಾರಿಯಲ್ಲಿ ಕಿಲೋಮೀಟರ್‌ಗಟ್ಟಲೆ ನಡೆಯಬಹುದು. ಬೆಳಗ್ಗೆ ಬೇಗ ಹೋದರೆ ಅದರ ಚೆಲುವೇ ಬೇರೆ. ಒಂದು ಕಡೆ ಅಲೆಗಳ ಮೇಲೆ ಹಲಗೆ ಹಾಕಿ ಜಾರುವ ಹುಡುಗರು. ಇನ್ನೊಂದು ಕಡೆ ಬಿಳಿ ನಿಲುವಂಗಿ ತೊಟ್ಟು ನೀರಿಗಿಳಿದು ಪ್ರಾರ್ಥಿಸುವ ಆಫ್ರಿಕನ್ ಕ್ರೈಸ್ತರು. ಬುರ್ಖಾ ಧರಿಸಿ ಮಕ್ಕಳ ಕೈಹಿಡಿದು ನಡೆಯುವ ತಾಯಂದಿರು, ಸೀರೆಯ ನೆರಿಗೆ ಎತ್ತಿ ಹಿಡಿದು ಅಲೆಗೆ ಕಾಲೊಡ್ಡುವ ಅಜ್ಜಿಯರು, ಓಟದ ಬೂಟು ಹಾಕಿದ ಬಿಳಿಯ ದಂಪತಿಗಳು. ಒಳನಾಡಿನಿಂದ ಬಸ್ಸಿನಲ್ಲಿ ಬಂದವರು ಸಮುದ್ರದ ನೀರನ್ನು ಬಾಟಲಿಗಳಲ್ಲಿ ತುಂಬಿಸಿಕೊಳ್ಳುವುದನ್ನೂ ನೀವು ಕಾಣಬಹುದು. ಊರಿನಲ್ಲಿರುವ ಬಂಧುಗಳಿಗೆ ಅದೇ ಉಡುಗೊರೆ!

ಶಾರ್ಕ್ ಮೀನುಗಳ ಭಯವಿದ್ದ ಈ ತೀರದಲ್ಲಿ 1952ರಿಂದ ಬಲೆ ಹಾಕಲಾಗಿದೆ. ಅನಂತರ ಇಲ್ಲಿ ಪ್ರಾಣಾಪಾಯ ಇಲ್ಲವೆಂಬಷ್ಟು ಕಡಿಮೆಯಾಯಿತು. ಅದೇ ಬಲೆಗೆ ಡಾಲ್ಫಿನ್, ಆಮೆಗಳೂ ಸಿಕ್ಕಿ ಸಾಯುತ್ತವೆ ಎಂಬ ಆಕ್ಷೇಪವೂ ಇದೆ. ಜೀವರಕ್ಷಕರು ಕಾವಲಿರುವ ಜಾಗದಲ್ಲಿ, ಅವರು ನೆಟ್ಟ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಬೇಕು. ಹೊಸ ವರ್ಷದ ದಿನ ಇಲ್ಲಿ ಸೇರುವ ಜನಸಾಗರದಲ್ಲಿ ಪುಟ್ಟ ಮಕ್ಕಳು ತಪ್ಪಿಸಿಕೊಳ್ಳುತ್ತಾರೆಂದು ಅವರ ಕೈಗೆ ಗುರುತಿನ ಪಟ್ಟಿ ಕಟ್ಟುತ್ತಾರೆ. ನಮ್ಮ ಜಾತ್ರೆ, ಉರೂಸ್‌ಗಳಲ್ಲೂ ಅನುಸರಿಸಬಹುದಾದ ಒಳ್ಳೆಯ ಕ್ರಮವಿದು.

ದಾರಿಯ ಪಕ್ಕದಲ್ಲಿ ಮನೆಯಿಲ್ಲದ ಯುವಕರು ಒದ್ದೆ ಮರಳಿನಲ್ಲಿ ಸಿಂಹ, ಮೊಸಳೆ, ಕೋಟೆಗಳನ್ನು ಕಡೆದಿರುತ್ತಾರೆ. ಮುಂದೆ ಒಂದು ಬಟ್ಟೆ ಹಾಸಿರುತ್ತದೆ. ಅದರಲ್ಲಿ ಬೀಳುವ ನಾಣ್ಯವೇ ಅವರ ಊಟ. ಮಣಿಗಳಿಂದಲೂ ಕೊಂಬುಗಳಿಂದಲೂ ಭಾರೀ ಕಿರೀಟ ಕಟ್ಟಿಕೊಂಡ ಝುಲು ರಿಕ್ಷಾ ಎಳೆಯುವವರು ನಿಮ್ಮನ್ನು ಕರೆಯುತ್ತಾರೆ. 1892ರಲ್ಲಿ ಈ ಊರಿಗೆ ಬಂದ ಈ ಕೈಗಾಡಿಯನ್ನು ಒಂದು ಕಾಲದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಎಳೆಯುತ್ತಿದ್ದರು. ಈಗ ಪ್ರವಾಸಿಗರಿಗಾಗಿ ಬೆರಳೆಣಿಕೆಯವರು ಉಳಿದಿದ್ದಾರೆ. ಫೋಟೋ ತೆಗೆಯುವ ಮುನ್ನ ಬೆಲೆ ಕೇಳಿಕೊಳ್ಳಿ. ಮನುಷ್ಯ ಎಳೆಯುವ ಗಾಡಿಯಲ್ಲಿ ಕೂರಲು ನಿಮಗೆ ಮನಸ್ಸು ಬಾರದಿದ್ದರೆ ಆಶ್ಚರ್ಯವಿಲ್ಲ. ಆದರೆ ಕೂರದಿದ್ದರೆ ಅವನ ಅಂದಿನ ಸಂಪಾದನೆ ಕಡಿಮೆ! ಈ ಇಕ್ಕಟ್ಟು ಡರ್ಬನ್‌ನಲ್ಲಿ ನಿಮಗೆ ಮತ್ತೆ ಮತ್ತೆ ಎದುರಾಗುತ್ತದೆ.

ಮರಳಿನ ಮೇಲೆ ನೆಟ್ಟಿದ್ದ ಫಲಕ

ಇಂದು ಎಲ್ಲ ಬಣ್ಣದವರೂ ಒಂದೇ ಅಲೆಯಲ್ಲಿ ಆಡುವುದನ್ನು ನೋಡುವಾಗ ಇದು ಸಹಜವೆಂದೇ ಅನಿಸುತ್ತದೆ. ಆದರೆ 1989ರವರೆಗೆ ಇದು ಇಲ್ಲಿ ಅಪರಾಧವಾಗಿತ್ತು. ಈ ತೀರದಲ್ಲಿ ಮೂರು ಭಾಷೆಗಳ ಫಲಕ ನಿಂತಿತ್ತು. ಇಂಗ್ಲಿಷ್, ಆಫ್ರಿಕಾನ್ಸ್ ಮತ್ತು ಝುಲು ಭಾಷೆಗಳಲ್ಲಿ ಅದು ಹೇಳುತ್ತಿದ್ದುದಿಷ್ಟೆ: ಈ ಸ್ನಾನದ ತೀರ ಬಿಳಿಯರಿಗೆ ಮಾತ್ರ. ಹೋಟೆಲುಗಳ ಮುಂದಿನ ಒಳ್ಳೆಯ ಮರಳು ಬಿಳಿಯರಿಗೆ. ಭಾರತೀಯರಿಗೂ ಕರಿಯರಿಗೂ ಬೇರೆ ಬೇರೆ ತುಂಡುಗಳು. 1953ರ ಕಾನೂನೊಂದು ಬಸ್ಸು, ಬೆಂಚು, ಶೌಚಾಲಯಗಳನ್ನು ಹಂಚಿದಂತೆಯೇ ಕಡಲನ್ನೂ ಹಂಚಿತ್ತು. ಅಲ್ಲಾಹನು ಯಾರಿಗೂ ಬೇಲಿ ಹಾಕದೆ ಕೊಟ್ಟ ನೀರಿಗೆ ಮನುಷ್ಯ ಬೇಲಿ ಹಾಕಿದ್ದ!

ತಂದೆ-ತಾಯಂದಿರಾದ ನೀವು ಒಂದು ಕ್ಷಣ ಯೋಚಿಸಿ. ಮಗು ಹತ್ತಿರದ ಅಲೆ ತೋರಿಸಿ 'ಅಲ್ಲಿಗೆ ಹೋಗೋಣ' ಎಂದು ಕೈ ಎಳೆಯುತ್ತದೆ. ಹೋಗಬಾರದೆಂದು ನೀವು ಹೇಳಬೇಕು. ಏಕೆ ಎಂದು ಅದು ಕೇಳಿದರೆ ಏನು ಉತ್ತರ ಕೊಡುತ್ತೀರಿ? ಈ ನಗರದ ಕಂದು, ಕಪ್ಪು ಮೈಬಣ್ಣದ ಎಷ್ಟೋ ಮನೆಗಳ ಹಿರಿಯರು ಆ ಉತ್ತರವನ್ನು ಹುಡುಕಬೇಕಾಗಿತ್ತು.

1989ರ ಸೆಪ್ಟೆಂಬರಿನಲ್ಲಿ ಎಲ್ಲ ಜನಾಂಗದ ಚಳವಳಿಗಾರರು ಫಲಕವನ್ನು ಲೆಕ್ಕಿಸದೆ ಬಿಳಿಯರ ತೀರಕ್ಕೆ ಹೋಗಿ ಪ್ರತಿಭಟಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಸರಕಾರ ಕಡಲ ತೀರಗಳನ್ನು ಎಲ್ಲರಿಗೂ ತೆರೆಯುವುದಾಗಿ ಘೋಷಿಸಿತು. 1990ರಲ್ಲಿ ಆ ಕಾನೂನೇ ರದ್ದಾಯಿತು. 1994ರ ಎಪ್ರಿಲ್ 27ರಂದು ನೆಲ್ಸನ್ ಮಂಡೇಲಾ ತಮ್ಮ ಜೀವನದ ಮೊದಲ ಮತವನ್ನು ಚಲಾಯಿಸಿದ್ದು ಡರ್ಬನ್ ಬಳಿಯ ಇನಾಂಡಾದ ಶಾಲೆಯೊಂದರಲ್ಲಿ. ಆಗ ಅವರ ವಯಸ್ಸು 75 ದಾಟಿತ್ತು.

ಅಝಾನ್ ಕೇಳಿಸುವ ಬೀದಿ

ತೀರದಿಂದ ನಗರದ ಒಳಗೆ ಹೋದರೆ ಒಂದು ಕಾಲದ ಗ್ರೇ ಸ್ಟ್ರೀಟ್ ಸಿಗುತ್ತದೆ. ವರ್ಣಭೇದದ ವಿರುದ್ಧ ಹೋರಾಡಿದ ಡಾ. ಯೂಸುಫ್ ದಾದೂ ಅವರ ಹೆಸರನ್ನು ಈಗ ಅದಕ್ಕೆ ಇಡಲಾಗಿದೆ. ಇಲ್ಲಿನ ಜುಮಾ ಮಸೀದಿಯ ಜಾಗವನ್ನು ಗುಜರಾತಿ ಮುಸ್ಲಿಮ್ ವ್ಯಾಪಾರಿಗಳು 1881ರಲ್ಲಿ ಖರೀದಿಸಿದರು. ಮೇಲೆ ಚಿನ್ನದ ಬಣ್ಣದ ಗುಮ್ಮಟಗಳ ಮಿನಾರ, ಕೆಳಗೆ ಸಾಲು ಅಂಗಡಿಗಳು. ಪಕ್ಕದಲ್ಲೇ ಕ್ಯಾಥೊಲಿಕರ ಇಮ್ಯಾನುಯೆಲ್ ಕೆಥೆಡ್ರಲ್ ಇದೆ. ಎರಡರ ನಡುವೆ ಬಟ್ಟೆ, ಟೋಪಿ, ಮಣಿಸರ ಮಾರುವ ಮದ್ರಸಾ ಆರ್ಕೇಡ್ ಎಂಬ ಕಿರಿದಾದ ಓಣಿ. ಅಝಾನ್ ಮತ್ತು ಚರ್ಚಿನ ಗಂಟೆ ಎರಡನ್ನೂ ಕೇಳುತ್ತಾ ವ್ಯಾಪಾರ ನಡೆಯುತ್ತದೆ.

ಭಾರತೀಯರು ಇಲ್ಲಿಗೆ ಬಂದದ್ದು ಎರಡು ದಾರಿಯಿಂದ. 1860ರ ನವೆಂಬರ್ 16ರಂದು 'ಟ್ರೂರೋ' ಎಂಬ ಹಡಗು ಮದ್ರಾಸಿನಿಂದ ಮೊದಲ ಕೂಲಿಯಾಳುಗಳನ್ನು ಹೊತ್ತು ತಂದಿತು. ಐದು ವರ್ಷಗಳ ಕರಾರು. ಬಿಳಿಯರ ಕಬ್ಬಿನ ತೋಟಗಳಲ್ಲಿ ದುಡಿತ. 1911ರವರೆಗೆ ಹೀಗೆ ಬಂದವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಅವರಲ್ಲಿ ತಮಿಳು, ತೆಲುಗು, ಭೋಜಪುರಿ ಮಾತಾಡುವವರೇ ಹೆಚ್ಚು. ಹಡಗಿನ ದಾಖಲೆಯಲ್ಲಿ ಪ್ರತಿಯೊಬ್ಬರಿಗೂ ಒಂದು ನಂಬರು, ಹೆಸರು, ತಂದೆಯ ಹೆಸರು, ಊರು, ಮೈಮೇಲಿನ ಗುರುತು. ಇಂದಿಗೂ ಅವರ ಮೊಮ್ಮಕ್ಕಳ ಮಕ್ಕಳು ಆ ನಂಬರು ಹಿಡಿದು ತಮ್ಮ ಊರು ಯಾವುದೆಂದು ಹುಡುಕುತ್ತಾರೆ. ಎರಡನೆಯವರು ಸ್ವಂತ ಖರ್ಚಿನಲ್ಲಿ ಬಂದ ವ್ಯಾಪಾರಿಗಳು. ಗಾಂಧೀಜಿಯನ್ನು ಕರೆಸಿಕೊಂಡದ್ದು ಅಂಥವರಲ್ಲೊಬ್ಬರಾದ ದಾದಾ ಅಬ್ದುಲ್ಲರ ಸಂಸ್ಥೆ.

ಮೂರನೆಯ ಗುಂಪೊಂದಿದೆ. ಅವರ ಬಗ್ಗೆ ಹೆಚ್ಚಿನವರಿಗೆ ಗೊತ್ತಿಲ್ಲ. ಗುಲಾಮರ ಹಡಗುಗಳಿಂದ ಬಿಡುಗಡೆ ಹೊಂದಿದ ಆಫ್ರಿಕನ್ ಮುಸ್ಲಿಮರನ್ನು 1873ರಿಂದ ಝಾಂಝಿಬಾರ್ ಕಡೆಯಿಂದ ಇಲ್ಲಿಗೆ ತರಲಾಯಿತು. ಬಂದರಿನ ಆಚೆಗೆ ಮಸೀದಿ ಕಟ್ಟಿಕೊಂಡು ಅವರು ಬದುಕಿದರು. ಮೈಬಣ್ಣ ಕಪ್ಪು, ಧರ್ಮ ಇಸ್ಲಾಮ್. ಇವರನ್ನು ಯಾವ ಪೆಟ್ಟಿಗೆಗೆ ಹಾಕುವುದೆಂದು ವರ್ಣಭೇದ ಸರಕಾರಕ್ಕೆ ತಿಳಿಯಲಿಲ್ಲ. ಕೊನೆಗೆ 'ಇತರ ಏಶ್ಯನ್ನರು' ಎಂದು ಬರೆದುಕೊಂಡು ಭಾರತೀಯರ ಬಡಾವಣೆಗೆ ಕಳುಹಿಸಿತು!

ಹಸಿವಾದರೆ ಇಲ್ಲಿ ಹಲಾಲ್ ಊಟಕ್ಕೆ ಪರದಾಡಬೇಕಿಲ್ಲ. 'ಬನ್ನಿ ಚೌ' ತಿನ್ನದೆ ಡರ್ಬನ್ ಬಿಡಬಾರದು. ಬ್ರೆಡ್ಡಿನ ತಿರುಳು ತೆಗೆದು ಅದರೊಳಗೆ ಖಾರದ ಮಟನ್ ಅಥವಾ ಬೀನ್ಸ್ ಸಾರು ತುಂಬಿಸಿ ಕೊಡುತ್ತಾರೆ. ಕಾಲು ಬ್ರೆಡ್ ಕೇಳಿದರೂ ಒಬ್ಬರಿಗೆ ಸಾಕು. ಚಮಚ ಕೇಳಬೇಡಿ, ಕೈಯಲ್ಲೇ ತಿನ್ನಬೇಕು. 'ಬನಿಯಾ' ಎಂಬ ನಮ್ಮ ಪದದಿಂದಲೇ ಆ ಹೆಸರು ಬಂತೆನ್ನುತ್ತಾರೆ. ಹೋಟೆಲಿನ ಒಳಗೆ ಕುಳಿತು ಉಣ್ಣುವ ಹಕ್ಕಿಲ್ಲದ ಕರಿಯರಿಗೆ ಕಟ್ಟಿಕೊಡಲು ಹುಟ್ಟಿದ ತಿಂಡಿ ಇದು ಎಂಬ ಮಾತೂ ಇದೆ. ಡರ್ಬನ್‌ನಲ್ಲಿ ರುಚಿಗೂ ಒಂದು ಕಹಿ ಕಥೆಯಿದೆ ನೋಡಿ.

ಫಲಕ ಹೋಯಿತು, ದೂರ ಉಳಿಯಿತು

ಕಾನೂನು ಕಡಲನ್ನು ತೆರೆದ ಬಳಿಕ ಏನಾಯಿತು? ಬಿಳಿಯರಲ್ಲಿ ಅನೇಕರು ನಗರದ ತೀರವನ್ನೇ ಬಿಟ್ಟು ಉತ್ತರದ ಉಮ್ಹ್ಲಾಂಗಾ ಕಡೆಗೆ ಸರಿದರು. ಹಣವುಳ್ಳ ಭಾರತೀಯರೂ ಅತ್ತ ಸೇರಿಕೊಂಡರು. ಅಲ್ಲಿ ಹೊಳೆಯುವ ಮಾಲ್‌ಗಳಿವೆ, ಎತ್ತರದ ಗೋಡೆಗಳಿವೆ, ಗೋಡೆಯ ಮೇಲೆ ವಿದ್ಯುತ್ ತಂತಿಗಳಿವೆ. ಇತ್ತ ಹಳೆಯ ನಗರದ ಕಟ್ಟಡಗಳು ಬಣ್ಣ ಕಳೆದುಕೊಂಡವು. ಕತ್ತಲಾದ ಮೇಲೆ ಒಬ್ಬರೇ ನಡೆಯಬೇಡಿ, ಮೊಬೈಲ್ ಕೈಯಲ್ಲಿ ಹಿಡಿಯಬೇಡಿ, ಒಡವೆ ಧರಿಸಬೇಡಿ ಎಂದು ಎಲ್ಲರೂ ನಿಮಗೆ ಎಚ್ಚರಿಕೆ ಹೇಳುತ್ತಾರೆ. ಅದನ್ನು ಪಾಲಿಸಿ. ಕಳ್ಳತನ, ದರೋಡೆ ಇಲ್ಲಿನ ನಿಜವಾದ ಸಮಸ್ಯೆ.

ದೂರ ಎಷ್ಟು ಆಳವಾಗಿದೆ ಎಂಬುದು 2021ರ ಜುಲೈಯಲ್ಲಿ ಬಯಲಾಯಿತು. ಮಾಜಿ ಅಧ್ಯಕ್ಷ ಜೇಕಬ್ ಝೂಮಾ ಜೈಲು ಸೇರಿದ ಬಳಿಕ ಭುಗಿಲೆದ್ದ ಗಲಭೆ, ಲೂಟಿಯಲ್ಲಿ ದೇಶದಲ್ಲಿ 350ಕ್ಕೂ ಹೆಚ್ಚು ಜೀವಗಳು ಹೋದವು. ಭಾರತೀಯರು ಹೆಚ್ಚಾಗಿರುವ ಡರ್ಬನ್‌ನ ಫೀನಿಕ್ಸ್ ಬಡಾವಣೆಯಲ್ಲಿ ನಿವಾಸಿಗಳು ರಸ್ತೆಗೆ ಅಡ್ಡ ಹಾಕಿ ಶಸ್ತ್ರ ಹಿಡಿದು ಕಾವಲು ನಿಂತರು. ಅಲ್ಲಿ 36 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಕರಿಯರು. ಲೂಟಿಯ ಭಯ ನಿಜವಾಗಿತ್ತು. ಆದರೆ ದಾರಿಹೋಕನನ್ನು ಮೈಬಣ್ಣ ನೋಡಿಯೇ ಕಳ್ಳನೆಂದು ತೀರ್ಮಾನಿಸಿದರೆ ಅದು ಆತ್ಮರಕ್ಷಣೆಯಾದೀತೇ? ಒಂದು ಕಾಲದಲ್ಲಿ ಮೈಬಣ್ಣದ ಕಾರಣಕ್ಕೆ ಅವಮಾನ ಉಂಡವರ ಮಕ್ಕಳೇ ಇವರು ಎಂಬುದನ್ನು ನೆನೆದಾಗ ಮನಸ್ಸು ಭಾರವಾಗುತ್ತದೆ.

ಇದರ ಬೇರು ಹಳೆಯದು. 1949ರ ಜನವರಿಯಲ್ಲೂ ಇಲ್ಲಿ ಭಾರತೀಯರು ಮತ್ತು ಆಫ್ರಿಕನ್ನರ ನಡುವೆ ಗಲಭೆಯಾಗಿ 142 ಮಂದಿ ಸತ್ತಿದ್ದರು. 1950ರ ಕಾನೂನಿನಡಿ ಜನರನ್ನು ಬಣ್ಣದ ಪ್ರಕಾರ ಎಬ್ಬಿಸಿ ಬೇರೆ ಬೇರೆ ಬಡಾವಣೆಗಳಿಗೆ ಸಾಗಿಸಲಾಯಿತು. ಭಾರತೀಯರ ಚಾಟ್ಸ್‌ವರ್ತ್ ಬಡಾವಣೆಯನ್ನು ಬಿಳಿಯರ ಪ್ರದೇಶಕ್ಕೂ ಕರಿಯರ ಉಮ್ಲಾಝಿಗೂ ನಡುವೆ ತಡೆಗೋಡೆಯಂತೆ ಇರಿಸಲಾಯಿತು. ಕರಿಯನಿಗೆ ಎದುರಾಗುವ ಮೊದಲ ಮುಖ ಭಾರತೀಯನದು. ಅಂಗಡಿಯ ಗಲ್ಲಾದ ಹಿಂದೆ ಕುಳಿತವನೂ ಅವನೇ. ಎಳೆದವರು ಹೋದರು, ಅವರು ಎಳೆದ ಗೆರೆಗಳು ಉಳಿದವು.

ಮರು ವರ್ಷ, 2022ರ ಎಪ್ರಿಲ್‌ನಲ್ಲಿ ಸುರಿದ ಮಹಾಮಳೆಗೆ ಡರ್ಬನ್ ಮತ್ತು ಸುತ್ತಮುತ್ತ 400ಕ್ಕೂ ಹೆಚ್ಚು ಜನ ಬಲಿಯಾದರು. ಇಳಿಜಾರಿನಲ್ಲಿ, ಹೊಳೆಯ ಬದಿಯಲ್ಲಿ ತಗಡಿನ ಗುಡಿಸಲು ಕಟ್ಟಿಕೊಂಡಿದ್ದ ಬಡವರಿಗೆ ಅತಿ ಹೆಚ್ಚು ಪೆಟ್ಟು ಬಿತ್ತು. ಒಳಚರಂಡಿಯ ಪಂಪುಗಳು ಕೆಟ್ಟು ಹೊಲಸು ನೀರು ಕಡಲು ಸೇರಿತು. ಚಿನ್ನದ ತೀರದಲ್ಲಿ ತಿಂಗಳುಗಟ್ಟಲೆ ಈಜು ನಿಷೇಧವಾಯಿತು. ಆ ಬಳಿಕವೂ ಮತ್ತೆ ಮತ್ತೆ ತೀರಗಳನ್ನು ಮುಚ್ಚಬೇಕಾಗಿ ಬಂದಿದೆ. ಆದ್ದರಿಂದ ಮಕ್ಕಳನ್ನು ನೀರಿಗಿಳಿಸುವ ಮುನ್ನ ನಗರಸಭೆಯ ಪ್ರಕಟಣೆ ನೋಡಿಕೊಳ್ಳಿ. ಬಡವರ ಕೇರಿಯ ಚರಂಡಿ ಸರಿಯಿಲ್ಲದಿದ್ದರೆ ಶ್ರೀಮಂತರ ಕಡಲೂ ಶುದ್ಧವಾಗಿರದು ಎಂಬುದು ಈ ನಗರ ಕಲಿತ ಪಾಠ.

ಭರವಸೆಯೂ ಅಲ್ಲೇ ಇದೆ

ಇಷ್ಟಾದರೂ ಡರ್ಬನ್‌ನಿಂದ ನೀವು ನಿರಾಶರಾಗಿ ಮರಳುವುದಿಲ್ಲ. ಪ್ರವಾಹದ ದಿನಗಳಲ್ಲಿ ನೀರು, ಆಹಾರ, ಹೊದಿಕೆ ಹೊತ್ತು ಮುಂದೆ ಬಂದವರಲ್ಲಿ 'ಗಿಫ್ಟ್ ಆಫ್ ದ ಗಿವರ್ಸ್' ಸಂಸ್ಥೆಯೂ ಸೇರಿತ್ತು. ಹತ್ತಿರದ ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿ ಡಾ. ಇಮ್ತಿಯಾಝ್ ಸುಲೈಮಾನ್ 1992ರಲ್ಲಿ ಕಟ್ಟಿದ ಸಂಸ್ಥೆ ಇದು. ಹಸಿದವನ ಧರ್ಮವನ್ನೂ ಬಣ್ಣವನ್ನೂ ಅದು ಕೇಳುವುದಿಲ್ಲ. ಗಾಂಧೀಜಿ 1904ರಲ್ಲಿ ಕಟ್ಟಿದ ಫೀನಿಕ್ಸ್ ಆಶ್ರಮ 1985ರ ಗಲಭೆಯಲ್ಲಿ ಸುಟ್ಟು ಹೋಗಿತ್ತು. ಅದನ್ನು ಮತ್ತೆ ಕಟ್ಟಿ 2000ದಲ್ಲಿ ತೆರೆಯಲಾಯಿತು. ಸುಟ್ಟದ್ದನ್ನು ಮತ್ತೆ ಕಟ್ಟುವ ತಾಳ್ಮೆ ಈ ಊರಿಗಿದೆ.

ನೀವು ಡರ್ಬನ್‌ಗೆ ಹೋಗುವುದಾದರೆ ಒಂದು ದಿನ ಕಡಲಿಗೆ ಕೊಡಿ. ಇನ್ನೊಂದು ದಿನವನ್ನು ಗ್ರೇ ಸ್ಟ್ರೀಟಿಗೂ ಇನಾಂಡಾ, ಫೀನಿಕ್ಸ್ ಬಡಾವಣೆಗಳಿಗೂ ಕೊಡಿ. ಅಲ್ಲಿಗೆ ಸ್ಥಳೀಯರ ಜೊತೆಯಲ್ಲಿ, ಹಗಲಿನಲ್ಲೇ ಹೋಗಿ ಬನ್ನಿ. ಬರೀ ಅಲೆಗಳ ಫೋಟೋ ತಂದರೆ ಅರ್ಧ ಡರ್ಬನ್ ಮಾತ್ರ ನೋಡಿದಂತೆ.

ಹೋಗಲು ಸಾಧ್ಯವಾಗದಿದ್ದರೂ ಚಿಂತೆಯಿಲ್ಲ. ಆ ಊರು ಕೇಳುವ ಪ್ರಶ್ನೆಯನ್ನು ನಮ್ಮ ಊರಿನಲ್ಲೇ ಕೇಳಿಕೊಳ್ಳಬಹುದು. ಹೆಸರು ಕೇಳಿದೊಡನೆ 'ಮನೆ ಖಾಲಿಯಿಲ್ಲ' ಎಂಬ ಉತ್ತರ ಬಂದಾಗ ನಮಗೆ ನೋವಾಗುತ್ತದೆ. ಆಗಲೇಬೇಕು, ಏಕೆಂದರೆ ಅದೂ ಕಾಣದ ಒಂದು ಫಲಕ. ಆದರೆ ನಮ್ಮ ಮನೆಯ ಕೆಲಸಕ್ಕೆ ಬರುವಾಕೆ ಯಾವ ಲೋಟದಲ್ಲಿ ಚಹಾ ಕುಡಿಯುತ್ತಾಳೆ? ನಮ್ಮ ಮಕ್ಕಳು ಬೇರೆ ಕೇರಿಯ, ಬೇರೆ ಧರ್ಮದ ಎಷ್ಟು ಮಕ್ಕಳ ಮನೆಗೆ ಹೋಗಿ ಬರುತ್ತಾರೆ? ಮರಳಿನಲ್ಲಿ ನೆಟ್ಟ ಫಲಕವನ್ನು ಕೀಳಲು ಡರ್ಬನ್‌ನಲ್ಲಿ ಒಂದು ಸರಕಾರಿ ಆಜ್ಞೆ ಸಾಕಾಯಿತು. ಮನೆಯೊಳಗಿನ ಫಲಕವನ್ನು ಕೀಳಲು ಯಾವ ಸರಕಾರವೂ ಬಾರದು. ಅದು ನಮ್ಮ, ನಿಮ್ಮ ಕೆಲಸ.