ಹಳೇ ಕಂಪ್ಯೂಟರಿನ ಡಿಸ್ಕು ಸದ್ದು ಮಾಡಿದರೆ

ಕಡೂರಿನ ತೆಂಗಿರಲಿ, ತರೀಕೆರೆಯ ಅಡಿಕೆಯಿರಲಿ, ಅಜ್ಜಂಪುರದ ಈರುಳ್ಳಿಯಿರಲಿ, ಲೆಕ್ಕ ಬರೆದಿಡಲು ಹಳೇ ಕಂಪ್ಯೂಟರು ಧಾರಾಳ ಸಾಕು. ನನ್ನದರಲ್ಲಿ ಹದಿನಾಲ್ಕು ವರ್ಷದ ಮಳೆ, ಕೊಯ್ಲು, ಕೂಲಿ, ಗೊಬ್ಬರದ ಲೆಕ್ಕವಿದೆ. ಕಳೆದ ಬೇಸಗೆಯಲ್ಲಿ ಅದು ಗುಂಯ್‌ಗುಡತೊಡಗಿತು. ಪಹಣಿ ಕಳೆದರೆ ಭೂಮಿ ಕೇಂದ್ರದಲ್ಲಿ ಮತ್ತೆ ಸಿಗುತ್ತೆ. ಯಾವ ವರ್ಷ ಯಾವ ಬೋರು ಬತ್ತಿತು ಎಂಬ ಲೆಕ್ಕ ಯಾವ ಕಚೇರಿಯಲ್ಲೂ ಸಿಗದು.

ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ತಿರುಗುತ್ತವೆ. ನಮ್ಮ ಬೋರ್‌ವೆಲ್ ಮೋಟಾರು ನಿಮಿಷಕ್ಕೆ ಸುಮಾರು 2,900 ಸುತ್ತು ಸುತ್ತಿದರೆ, ಮೇಜಿನ ಕಂಪ್ಯೂಟರಿನ ಡಿಸ್ಕು ಸಾಮಾನ್ಯವಾಗಿ 7,200 ಸುತ್ತು. ಓದುವ ತಲೆ ತಟ್ಟೆಗೆ ತಾಗದೆ, ತಲೆಗೂದಲ ದಪ್ಪದ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತೆ. ಆದ್ದರಿಂದ ಡಿಸ್ಕಿನ ಮುಚ್ಚಳ ಮಾತ್ರ ಮನೆಯಲ್ಲಿ ಬಿಚ್ಚಲೇಬಾರದು. ಒಂದು ಕಣ ಧೂಳು ಸಾಕು, ಕೆಲಸ ಕೆಡಲು.

ಮೊದಲು ಸದ್ದು ಎಂಥದ್ದೆಂದು ಕೇಳಿ. 'ಟಕ್ ಟಕ್' ಎಂದು ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ಅಥವಾ ಕರಕರ ಉಜ್ಜಿದಂತಿದ್ದರೆ ತಕ್ಷಣ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿದಷ್ಟೂ ತಟ್ಟೆ ಗೀರುವ ಅಪಾಯ. ಒಳಗಿನ ಲೆಕ್ಕ ಬೇಕೇ ಬೇಕೆಂದರೆ ಮಾಹಿತಿ ತೆಗೆದುಕೊಡುವ ನುರಿತವರಿಗೆ ಹಾಗೇ ಒಪ್ಪಿಸಿ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತೆ ಅನ್ನೋರಿದ್ದಾರೆ, ಕೇಳಬೇಡಿ. ಒಳಗೆ ತೇವ ಕೂರುತ್ತೆ.

ಬರೀ ಗುಂಯ್ ಸದ್ದಾದರೆ ಮೊದಲ ಕೆಲಸ ನಕಲು. ಸ್ಕ್ರೂ ಡ್ರೈವರ್ ಆಮೇಲೆ. ಪೆನ್‌ಡ್ರೈವಿಗೊಂದು, ಬೇರೆ ಮನೆಯ ಕಂಪ್ಯೂಟರಿಗೊಂದು ಪ್ರತಿ ಹಾಕಿ. ಹಳೇ ನುಡಿ, ಬರಹದ ಕಡತಗಳಾದರೆ ಆ ಫಾಂಟನ್ನೂ ಜತೆಗೇ ಇಟ್ಟುಕೊಳ್ಳಿ. ಇಲ್ಲದಿದ್ದರೆ ಬೇರೆ ಕಡೆ ತೆರೆದಾಗ ಅರ್ಥವಿಲ್ಲದ ಅಕ್ಷರ ಕಾಣುತ್ತೆ.

ನಂತರ ಆಫ್ ಮಾಡಿ, ಪ್ಲಗ್ ಕಿತ್ತು, ಡಬ್ಬದ ಪಕ್ಕದ ತಗಡು ತೆಗೆಯಿರಿ. ಒಳಗೆ ಕೈ ಹಾಕುವ ಮುಂಚೆ ಡಬ್ಬದ ಲೋಹ ಮುಟ್ಟಿ. ಡಿಸ್ಕಿನ ಎರಡೂ ಕೇಬಲು ಬಿಡಿಸಿ, ಕೈ ಹೊರಗಿಟ್ಟು ಒಮ್ಮೆ ಆನ್ ಮಾಡಿ. ಸದ್ದು ಆಗಲೂ ಇದ್ದರೆ ಅದು ಡಿಸ್ಕಿನದಲ್ಲ, ಫ್ಯಾನಿನದು. ಮತ್ತೆ ಪ್ಲಗ್ ಕಿತ್ತು ಮೆತ್ತನೆ ಬ್ರಶ್ಶಿನಿಂದ ಧೂಳು ತೆಗೆಯಿರಿ. ಕರೆಂಟು ಕೊಡುವ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ.

ಸದ್ದು ನಿಂತರೆ ಡಿಸ್ಕಿನದೇ. ನಾಲ್ಕೂ ಸ್ಕ್ರೂ ಬಿಗಿಯಾಗಿವೆಯಾ ನೋಡಿ. ನನ್ನದರಲ್ಲಿ ಎರಡು ಸಡಿಲವಿದ್ದವು. ಹಳೇ ಸೈಕಲ್ ಟ್ಯೂಬಿನ ತುಂಡನ್ನು ವಾಷರಿನಂತೆ ಕತ್ತರಿಸಿ ನಡುವೆ ಕೊಟ್ಟೆ, ತಗಡು ನಡುಗುವುದು ನಿಂತಿತು. ಗಾಳಿಯಾಡಲು ಸುತ್ತ ಜಾಗವಿರಲಿ.

ಬಿಗಿ ಮಾಡಿಯೂ ಕೀರಲು ಸದ್ದು ಉಳಿದರೆ ಬೇರಿಂಗು ಸವೆದಿರಬಹುದು. ಅದಕ್ಕೆ ಮನೆಮದ್ದಿಲ್ಲ. ಅದರ ಬದಲು ಎಸ್‌ಎಸ್‌ಡಿ ಹಾಕಿಸಬಹುದು. ಅದರಲ್ಲಿ ತಿರುಗುವ ಭಾಗವೇ ಇಲ್ಲ. ಆದರೆ ಡಿಸ್ಕಿಗೆ ಅಗಲ ಪಟ್ಟಿಯಂಥ ಕೇಬಲಿದೆಯೋ, ಸಣ್ಣದಿದೆಯೋ ನೋಡಿಕೊಂಡು ಅಂಗಡಿಗೆ ಹೋಗಿ. ಅಗಲದ್ದಾದರೆ ಈಗಿನ ಮಾಲು ನೇರವಾಗಿ ಕೂರದು.

ಕರೆಂಟು ಹೋಗಿ ಬರುವ ನಮ್ಮಂಥ ಕಡೆ ಯುಪಿಎಸ್ ಇದ್ದರೆ ಒಳ್ಳೆಯದು. ಡಿಸ್ಕು ಹೊಸದಿರಲಿ ಹಳೆಯದಿರಲಿ, ಪ್ರತಿ ಕೊಯ್ಲಿನ ಲೆಕ್ಕ ಮುಗಿದ ದಿನವೇ ಒಂದು ನಕಲು ತೆಗೆದಿಡಿ.