ಹೂಡೆಯ ಮರಳೂ ನಿತ್ಯದ ನಡಿಗೆಯೂ

ಉಡುಪಿ ಸಮೀಪದ ಹೂಡೆಯಿಂದ ಕೋಡಿ ಬೆಂಗ್ರೆಯವರೆಗೆ, ಒಂದು ಬದಿಗೆ ಅರಬ್ಬೀ ಸಮುದ್ರವೂ ಇನ್ನೊಂದು ಬದಿಗೆ ಸುವರ್ಣಾ ನದಿಯೂ ಇರುವಂತೆ ಚಾಚಿಕೊಂಡಿರುವ ನೆಲಪಟ್ಟಿಯು ನಿತ್ಯದ ನಡಿಗೆಗೆ ಒದಗಿಬಂದ ಅಪರೂಪದ ತಾಣವಾಗಿದೆ. ಒಣಮರಳಿನಲ್ಲಿ ಪಾದ ಹೂತು ಜಾರುವುದರಿಂದ, ಅದೇ ವೇಗದಲ್ಲಿ ಗಟ್ಟಿನೆಲದ ಮೇಲೆ ನಡೆಯುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ವ್ಯಯವಾಗುತ್ತದೆಂದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದ್ದು, ಮಂಡಿನೋವಿರುವವರು ಅಲೆ ಹಿಂದೆ ಸರಿದ ಒದ್ದೆಮರಳಿನ ಗಟ್ಟಿ ಅಂಚನ್ನೇ ಆರಿಸಿಕೊಳ್ಳುವುದು ಲೇಸು. ಪ್ರತಿ ಹೆಜ್ಜೆಗೂ ಮೀನಖಂಡದ ಸ್ನಾಯುಗಳು ಬಿಗಿದು, ಅಭಿಧಮನಿಗಳಲ್ಲಿನ, ಅಂದರೆ ಹೃದಯಕ್ಕೆ ರಕ್ತವನ್ನು ಮರಳಿಸುವ ನಾಳಗಳಲ್ಲಿನ, ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ದುಡಿಯುವ ಸ್ನಾಯುಗಳು ಇನ್ಸುಲಿನ್ನಿನ ನೆರವನ್ನು ಅಷ್ಟಾಗಿ ಬೇಡದೆಯೇ ಸಕ್ಕರೆಯನ್ನು ಹೀರಿಕೊಳ್ಳುವುದರಿಂದ, ಕುಚ್ಚಲಕ್ಕಿ ಅನ್ನದ ಊಟವಾದ ಬಳಿಕ ತುಸು ನಡೆದರೂ ರಕ್ತದ ಸಕ್ಕರೆಯ ಏರಿಕೆ ತಗ್ಗುತ್ತದೆ. ನಿಯಮಿತ ನಡಿಗೆಯು ಖಿನ್ನತೆಯ ಲಕ್ಷಣಗಳನ್ನು ಇಳಿಸಿ ನಿದ್ರೆಯನ್ನು ಸುಧಾರಿಸುತ್ತದಾದರೂ ವೈದ್ಯರ ಚಿಕಿತ್ಸೆಗೆ ಅದು ಬದಲಿಯಲ್ಲ. ದಿನಕ್ಕೆ 10,000 ಹೆಜ್ಜೆಯೆಂಬ ಲೆಕ್ಕವು 1960ರ ದಶಕದಲ್ಲಿ ಜಪಾನಿನ ಹೆಜ್ಜೆಮಾಪಕವೊಂದರ ಹೆಸರಿನಿಂದ ಹಬ್ಬಿದ್ದೇ ಹೊರತು ವೈದ್ಯಕೀಯ ವಿಧಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ಸೂಚಿಸಿರುವುದು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಬಿರುಸಿನ, ಅಂದರೆ ಮಾತನಾಡಬಹುದಾದರೂ ಹಾಡಲಾಗದಷ್ಟು ಉಸಿರೇರಿಸುವ, ಚಟುವಟಿಕೆಯನ್ನು. ಮಳೆಗಾಲದಲ್ಲಿ ಕಡಲು ಉಕ್ಕಿ ದಡ ಕೊರೆಯುವ ದಿನಗಳಲ್ಲಿ ಮಾತ್ರ ನಡೆಯುವವರು ಮರಳನ್ನು ಬಿಟ್ಟು ಕೆಮ್ಮಣ್ಣು ಊರಿನ ಕಡೆಯ ರಸ್ತೆಯನ್ನೇ ಹಿಡಿಯಬೇಕು.